ಗೋಲ್ಡನ್ ಟ್ರೌಟ್ ಹುಡುಕಿಕೊಂಡು ಬೆಟ್ಟ ಹತ್ತುವವರಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕ್ಯಾಲಿಫೋರ್ನಿಯಾಕ್ಕೆ ಬಂದ ಮೇಲೆ ನನಗೆ ಅಂಟಿಕೊಂಡ ಹುಚ್ಚು ಇದು. ಮಲೆನಾಡಿನ ಹಳ್ಳದಲ್ಲಿ ಎರೆಹುಳ ಚುಚ್ಚಿ ಗಾಳ ಹಾಕುತ್ತಿದ್ದ ಹುಡುಗನಿಗೆ ಹನ್ನೊಂದು ಸಾವಿರ ಅಡಿ ಎತ್ತರದಲ್ಲೂ ಮೀನು ಇರುತ್ತದೆ ಅಂತ ಗೊತ್ತಾದರೆ ಸುಮ್ನೆ ಕೂರಲು ಆಗುತ್ತಾ? ಫೋಟೋ ನೋಡಿದ ಗೆಳೆಯರು, ಅವರ ಗೆಳೆಯರು, ಒಮ್ಮೊಮ್ಮೆ ಊರಿನಿಂದ ಫೋನ್ ಮಾಡುವವರು ಎಲ್ಲರೂ ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳು. ಪ್ರತಿ ಸಲ ಹೊಸದಾಗಿ ಹೇಳುವ ಬದಲು ಇಲ್ಲಿ ಬರೆದಿಟ್ಟಿದ್ದೇನೆ.

ಗೋಲ್ಡನ್ ಟ್ರೌಟ್ ಅಂದರೆ ಯಾವ ಮೀನು?

ಟ್ರೌಟ್ ಅಂದರೆ ತಣ್ಣೀರಿನ ಮೀನು, ಇದು ರೇನ್‌ಬೋ ಟ್ರೌಟ್‌ನ ಹತ್ತಿರದ ನೆಂಟ. ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾ ಪರ್ವತಗಳ ದಕ್ಷಿಣ ತುದಿ ಇದರ ತವರು. ಅಲ್ಲೂ ಎಲ್ಲ ಕಡೆ ಇಲ್ಲ. ಗೋಲ್ಡನ್ ಟ್ರೌಟ್ ಕ್ರೀಕ್ ಮತ್ತು ಕರ್ನ್ ನದಿಯ ದಕ್ಷಿಣ ಕವಲು, ಇವೆರಡರ ನೀರು ಮಾತ್ರ ಇದರ ಸ್ವಂತ ಮನೆ. ಪಕ್ಕದ ಲಿಟಲ್ ಕರ್ನ್ ನದಿಯಲ್ಲಿ ಇದರ ದಾಯಾದಿ ಒಂದಿದೆ, ಅದಕ್ಕೆ ಲಿಟಲ್ ಕರ್ನ್ ಗೋಲ್ಡನ್ ಎಂದೇ ಹೆಸರು. 1947ರಲ್ಲಿ ಗೋಲ್ಡನ್ ಟ್ರೌಟ್ ಕ್ಯಾಲಿಫೋರ್ನಿಯಾದ ರಾಜ್ಯ ಮೀನಾಯಿತು. 1978ರಲ್ಲಿ ಇದರ ಹೆಸರಿನಲ್ಲೇ ಮೂರು ಲಕ್ಷ ಎಕರೆಗೂ ಜಾಸ್ತಿ ಕಾಡನ್ನು ಗೋಲ್ಡನ್ ಟ್ರೌಟ್ ವೈಲ್ಡರ್ನೆಸ್ ಎಂದು ಕಾಯ್ದಿಟ್ಟರು.

ಗುರುತಿಸುವುದು ಕಷ್ಟವಲ್ಲ. ಬೆನ್ನು ಆಲಿವ್ ಹಸಿರು. ಪಕ್ಕೆ ಹಳದಿ, ಅದೂ ಹೊಳೆಯುವ ಹಳದಿ. ಉದ್ದಕ್ಕೆ ಒಂದು ಕೆಂಪು ಪಟ್ಟೆ. ಹೊಟ್ಟೆ ಕುಂಕುಮ ಮೆತ್ತಿದ ಹಾಗೆ. ಪಕ್ಕೆಯ ಮೇಲೆ ಹೆಬ್ಬೆಟ್ಟು ಒತ್ತಿದಂತೆ ಹತ್ತರಷ್ಟು ಕಪ್ಪು ಗುರುತುಗಳು. ಬೇರೆ ಟ್ರೌಟ್‌ಗಳಿಗೆ ಈ ಗುರುತು ಮರಿಯಲ್ಲಿ ಮಾತ್ರ ಇರುತ್ತದೆ, ಬೆಳೆದಂತೆ ಅಳಿಸಿಹೋಗುತ್ತದೆ. ಇದಕ್ಕೆ ಮುದಿ ವಯಸ್ಸಿನಲ್ಲೂ ಉಳಿದಿರುತ್ತದೆ. ಚುಕ್ಕೆಗಳು ಬಹುಪಾಲು ಬಾಲದ ಕಡೆ, ಬೆನ್ನಿನ ರೆಕ್ಕೆಯ ಮೇಲೆ. ರೆಕ್ಕೆಯ ತುದಿಗೆ ಬಿಳಿ ಅಂಚು, ಸೀರೆಗೆ ಕಟ್ಟಿದ ಸಣ್ಣ ಬಾರ್ಡರ್ ಥರ.

ಇಷ್ಟೊಂದು ಬಣ್ಣ ಯಾಕೆ? ಹದ್ದಿಗೆ ಕಾಣುವುದಿಲ್ಲವಾ?

ನನಗೂ ಮೊದಲು ಇದೇ ಅನುಮಾನ. ಅಲ್ಲಿಗೆ ಹೋಗಿ ನೋಡಿದ ಮೇಲೆ ಅರ್ಥವಾಯಿತು. ಅವು ಹುಟ್ಟಿ ಬೆಳೆದ ಹಳ್ಳಗಳ ತಳ ಕಪ್ಪಲ್ಲ. ಜ್ವಾಲಾಮುಖಿ ಕಲ್ಲು ಪುಡಿಯಾಗಿ ಬಿದ್ದ ಕೆಂಪು-ಹಳದಿ ಮರಳು. ನೀರು ಗಾಜಿನಷ್ಟು ತಿಳಿ. ಮೀನು ಅಲುಗದೆ ನಿಂತರೆ ಎರಡಡಿ ದೂರದಿಂದಲೂ ಕಾಣುವುದಿಲ್ಲ. ನೆರಳು ಮೊದಲು ಕಾಣುತ್ತದೆ, ಮೀನು ಆಮೇಲೆ. ಬಣ್ಣಕ್ಕೆ ಇದೇ ಕಾರಣ ಇರಬಹುದು ಅಂತ ಹಲವರು ಹೇಳುತ್ತಾರೆ. ತಿನ್ನುವ ಸಣ್ಣ ಸಿಗಡಿಯಂಥ ಜೀವಿಗಳಿಂದಲೂ ಕೆಂಪು ಏರುತ್ತದೆ. ಕೆಳಗಿನ ನೀರಿಗೆ ತಂದು ಸಾಕಿದರೆ ಬಣ್ಣ ಮಂಕಾಗುತ್ತದೆ.

ಪೆನ್ಸಿಲ್ವೇನಿಯಾದಲ್ಲಿ ನನ್ನ ತಮ್ಮ ಪೂರ್ತಿ ಹಳದಿ ಮೀನು ಹಿಡಿದ. ಅದೂ ಇದೇ ಅಲ್ವಾ?

ಅಲ್ಲ. ಈ ಗೊಂದಲ ಪ್ರತಿ ವರ್ಷ ಬರುತ್ತದೆ. ಅದು ಸಾಕಿದ ರೇನ್‌ಬೋ ಟ್ರೌಟ್‌ನ ಹಳದಿ ತಳಿ. ವೆಸ್ಟ್ ವರ್ಜೀನಿಯಾದ ಒಂದು ಮೀನು ಮರಿ ಕೇಂದ್ರದಲ್ಲಿ 1950ರ ದಶಕದಲ್ಲಿ ತಾನಾಗಿ ಬಣ್ಣ ಬದಲಾದ ಒಂದು ಮರಿ ಸಿಕ್ಕಿತು. ಅದರಿಂದ ತಳಿ ಬೆಳೆಸಿ, 1963ರಲ್ಲಿ ಆ ರಾಜ್ಯಕ್ಕೆ ನೂರು ತುಂಬಿದ ಸಂಭ್ರಮಕ್ಕೆ ಜನರ ಮುಂದೆ ತಂದರು. ಬಾಳೆಹಣ್ಣಿನ ಸಿಪ್ಪೆಯಂತೆ ಮೈತುಂಬ ಒಂದೇ ಹಳದಿ, ಹೆಬ್ಬೆಟ್ಟಿನ ಗುರುತು ಇಲ್ಲ. ರಸ್ತೆ ಪಕ್ಕದ ಹೊಳೆಗೆ ಟ್ಯಾಂಕರ್‌ನಲ್ಲಿ ತಂದು ಸುರಿಯುತ್ತಾರೆ. ತಮ್ಮನ ಖುಷಿ ಹಾಳು ಮಾಡಬೇಡಿ, ಆದರೆ ಇದು ಅದಲ್ಲ.

ಹಳ್ಳದ ಮೀನು ಅಂದಿರಿ. ಹಾಗಾದರೆ ಸರೋವರಗಳಿಗೆ ಹೇಗೆ ಹೋಯಿತು?

ಇಡೀ ಕಥೆಯಲ್ಲಿ ನನಗೆ ಅತಿ ಇಷ್ಟವಾದ ಭಾಗ ಇದು. ಸ್ವಲ್ಪ ಉದ್ದವಾಗಿ ಹೇಳುತ್ತೇನೆ.

ಸಿಯೆರಾದ ಎತ್ತರದ ಸರೋವರಗಳಲ್ಲಿ ಮೊದಲು ಮೀನೇ ಇರಲಿಲ್ಲ. ಹಿಮನದಿಗಳು ಬಂಡೆ ಕೊರೆದು ಮಾಡಿದ ಗುಂಡಿಗಳು ಅವು. ಕೆಳಗಿನಿಂದ ಮೀನು ಹತ್ತಿ ಬರೋಣವೆಂದರೆ ನಡುವೆ ಜಲಪಾತಗಳು. ನಮ್ಮ ಕಡೆ ಮುಂಗಾರಿನ ಮೊದಲ ಮಳೆಗೆ ಹತ್ತುಮೀನು ಗದ್ದೆಯವರೆಗೂ ಬರುತ್ತದಲ್ಲ, ಆ ಆಟ ನೂರಡಿ ಬಂಡೆಯ ಮುಂದೆ ನಡೆಯುವುದಿಲ್ಲ.

1876ರಲ್ಲಿ ಕರ್ನಲ್ ಶೆರ್ಮನ್ ಸ್ಟೀವನ್ಸ್ ಎಂಬವರು ಕಾಟನ್‌ವುಡ್ ಕ್ರೀಕ್ ಹತ್ತಿರ ಮರ ಕೊಯ್ಯುವ ಮಿಲ್ ನಡೆಸುತ್ತಿದ್ದರು. ಆ ಹಳ್ಳದಲ್ಲಿ ಮೀನಿಲ್ಲ. ಗುಡ್ಡದ ಆಚೆ ಮುಲ್ಕಿ ಕ್ರೀಕ್‌ನಲ್ಲಿ ಬೇಕಾದಷ್ಟಿದೆ. (ನಮ್ಮ ಕರಾವಳಿಯ ಮೂಲ್ಕಿಗೂ ಇದಕ್ಕೂ ಏನೂ ಸಂಬಂಧವಿಲ್ಲ. ನಕಾಶೆಯಲ್ಲಿ ಮೊದಲ ಸಲ ಓದಿದಾಗ ನಾನಂತೂ ನಕ್ಕಿದ್ದೆ.) ಒಂದು ಡಜನ್‌ನಷ್ಟು ಮೀನನ್ನು ಕಾಫಿ ಕಾಯಿಸುವ ಪಾತ್ರೆಯಲ್ಲಿ ಹಾಕಿ, ಗುಡ್ಡ ದಾಟಿಸಿ ಈಚೆ ಹಳ್ಳಕ್ಕೆ ಬಿಟ್ಟರು. ಅವು ಹೆಚ್ಚಿದವು. 1891ರಲ್ಲಿ ಅದೇ ಹಳ್ಳದ ಮೀನನ್ನು ಮೇಲಿನ ಕಾಟನ್‌ವುಡ್ ಸರೋವರಗಳಿಗೆ ಹೊತ್ತರು. ಮುಂದೆ ಸರ್ಕಾರದ ಮೀನು ಇಲಾಖೆ ಆ ಸರೋವರಗಳಿಂದಲೇ ಮೊಟ್ಟೆ ತೆಗೆದು, ಮರಿ ಮಾಡಿ, ಸಿಯೆರಾದ ನೂರಾರು ಸರೋವರಗಳಿಗೆ ಹಂಚಿತು. ಮೊದಲು ಹೇಸರಗತ್ತೆಯ ಬೆನ್ನ ಮೇಲೆ ಕ್ಯಾನ್‌ನಲ್ಲಿ, ಎರಡನೇ ಮಹಾಯುದ್ಧದ ನಂತರ ವಿಮಾನದಿಂದ. ಬೆರಳುದ್ದದ ಮರಿಗಳನ್ನು ನೀರಿನ ಜೊತೆ ಮೇಲಿನಿಂದ ಸುರಿದರೆ ಬಹುಪಾಲು ಬದುಕುತ್ತಿದ್ದವು. ವಯೋಮಿಂಗ್, ಮೊಂಟಾನಾ, ಐಡಹೋದಂಥ ರಾಜ್ಯಗಳ ಬೆಟ್ಟಗಳಿಗೂ ಮೀನು ಹೋಯಿತು.

ಅಂದರೆ ಇವತ್ತು ನೀವು ಸರೋವರದಲ್ಲಿ ಹಿಡಿಯುವ ಗೋಲ್ಡನ್ ಟ್ರೌಟ್ ಬಹುಮಟ್ಟಿಗೆ ಒಂದು ಕಾಫಿ ಪಾತ್ರೆಯ ಸಂತಾನ. ನೆಂಟನಾಗಿ ಬಂದು ಮನೆಯವನಾದ ಮೀನು.

ಹಾಗಾದರೆ ಸರೋವರಕ್ಕೆ ಹೋಗಬೇಕಾ, ಹಳ್ಳಕ್ಕೆ ಹೋಗಬೇಕಾ?

ದೊಡ್ಡ ಮೀನು ಬೇಕೆಂದರೆ ಸರೋವರ. ನಿಜವಾದ ಗೋಲ್ಡನ್ ಟ್ರೌಟ್ ನೋಡಬೇಕೆಂದರೆ ಹಳ್ಳ. ಇಷ್ಟು ವರ್ಷ ತಿರುಗಿದ ಮೇಲೆ ನನ್ನ ಅಭಿಪ್ರಾಯ ಇದು, ಜಗಳಕ್ಕೆ ಬರುವವರು ಬರಬಹುದು.

ಜನ ಸರೋವರದ ಹಿಂದೆ ಬೀಳುವುದು ಫೋಟೋಗೋಸ್ಕರ. ಎರಡು ಕೈಯಲ್ಲಿ ಹಿಡಿಯುವಷ್ಟು ದಪ್ಪ ಮೀನು, ಹಿಂದೆ ಹಿಮದ ಬೆಟ್ಟ. ತವರಿನ ಹಳ್ಳದಲ್ಲಿ ಮೀನು ಆರರಿಂದ ಎಂಟು ಇಂಚು. ಬೇಸಿಗೆ ಚಿಕ್ಕದು, ಊಟ ಕಡಿಮೆ, ಮೀನು ಜಾಸ್ತಿ. ಒಂಬತ್ತು ವರ್ಷ ಬದುಕಿದ ಮೀನೂ ಅಂಗೈಗಿಂತ ಸ್ವಲ್ಪ ಉದ್ದ ಅಷ್ಟೇ. ಆದರೆ ಆ ಬಣ್ಣ!

ಮೊದಲ ಹಳ್ಳದ ಮೀನು ನನಗೆ ಚೆನ್ನಾಗಿ ನೆನಪಿದೆ. ಹುಲ್ಲುಗಾವಲಿನ ನಡುವೆ ಒಂದು ನೀರು, ಅಗಲ ನನ್ನ ಒಂದು ಹೆಜ್ಜೆ. ದಾಟಿಯೇ ಬಿಡುತ್ತಿದ್ದೆ. ದಡದ ಹುಲ್ಲು ನೀರಿನ ಮೇಲೆ ಬಾಗಿ ಸಣ್ಣ ಸೂರಿನಂತೆ ಆಗಿತ್ತು. ಹತ್ತು ಹೆಜ್ಜೆ ಹಿಂದೆಯೇ ಮಂಡಿಯೂರಿ, ನೊಣದಂತೆ ಕಟ್ಟಿದ ಗಾಳವನ್ನು ಆ ಸೂರಿನ ಕೆಳಗೆ ತೇಲಿಬಿಟ್ಟೆ. ನೀರು ಒಮ್ಮೆ ಚುಟುಕಿದಂತೆ ಆಯಿತು, ಅಷ್ಟೇ. ಎತ್ತಿದರೆ ಏಳು ಇಂಚಿನ ಮೀನು. ಬಿಸಿಲಿಗೆ ತಿರುಗಿದಾಗ ಹೊಟ್ಟೆಯ ಕೆಂಪು ಎಷ್ಟು ಗಾಢ ಅಂದರೆ, ಗಾಳ ಚುಚ್ಚಿ ರಕ್ತ ಬಂತು ಅಂದುಕೊಂಡು ಗಾಬರಿಯಾದೆ. ಬೆರಳಿಂದ ಒರೆಸಿದೆ. ಬಣ್ಣ ಹೋಗಲಿಲ್ಲ.

ಸರಿ, ಸರೋವರವೇ ಬೇಕು. ಮೊದಲ ಸಲ ಎಲ್ಲಿಗೆ ಹೋಗಲಿ?

ಕಾಟನ್‌ವುಡ್ ಸರೋವರಗಳು. ಗುಟ್ಟಿನ ಜಾಗವಲ್ಲ, ಎಲ್ಲರಿಗೂ ಗೊತ್ತಿರುವುದೇ. ಅದಕ್ಕೇ ಹೇಳುತ್ತಿದ್ದೇನೆ.

ಲೋನ್ ಪೈನ್ ಅಂತ ಒಂದು ಪುಟ್ಟ ಊರು. ಲಾಸ್ ಏಂಜಲೀಸ್‌ನಿಂದ ಮೂರೂವರೆ-ನಾಲ್ಕು ಗಂಟೆಯ ದಾರಿ. ಬೇ ಏರಿಯಾದಿಂದ ಹೊರಟರೆ ಒಂದು ದಿನ ಪೂರ್ತಿ ಕಾರಿನಲ್ಲೇ ಹೋಯಿತು ಅಂದುಕೊಳ್ಳಿ. ಊರಿನಿಂದ ಹಾರ್ಸ್‌ಶೂ ಮೆಡೋ ರಸ್ತೆ ಗುಡ್ಡದ ಮೈಮೇಲೆ ಹಾವಿನಂತೆ ಹತ್ತುತ್ತದೆ. ಚಾರ್ಮಾಡಿ ಘಾಟಿಯಲ್ಲಿ ವಾಂತಿ ಮಾಡಿಕೊಳ್ಳುವವರು ಮುಂದಿನ ಸೀಟಿನಲ್ಲಿ ಕೂರಿ. ಲೋನ್ ಪೈನ್ ಸುಮಾರು 3,700 ಅಡಿ, ರಸ್ತೆ ಮುಗಿಯುವ ಕಡೆ 10,000 ಅಡಿ. ಅಲ್ಲಿಂದ ನಡಿಗೆ ಐದಾರು ಮೈಲಿ. ಫಾಕ್ಸ್‌ಟೇಲ್ ಪೈನ್ ಮರಗಳ ನಡುವೆ ನಿಧಾನದ ಏರು, ಕೊನೆಗೆ 11,000 ಅಡಿಯಲ್ಲಿ ಬಯಲು. ಎದುರಿಗೆ 14,000 ಅಡಿ ದಾಟಿದ ಮೌಂಟ್ ಲ್ಯಾಂಗ್ಲಿ. ಅದರ ಕಾಲ ಬುಡದಲ್ಲಿ ಒಂದರ ಪಕ್ಕ ಒಂದು ಸರೋವರ, ಹೆಸರಿಲ್ಲ, ಬರೀ ನಂಬರ್.

ಹಳ್ಳವೂ ನೋಡಬೇಕೆಂದರೆ ಅದೇ ಹಾರ್ಸ್‌ಶೂ ಮೆಡೋದಿಂದ ಕಾಟನ್‌ವುಡ್ ಪಾಸ್ ದಾಟಿ ಬಿಗ್ ವಿಟ್ನಿ ಮೆಡೋ ಕಡೆ ಇಳಿಯಬೇಕು. ಗೋಲ್ಡನ್ ಟ್ರೌಟ್ ಕ್ರೀಕ್‌ನ ತಲೆಯ ನೀರು ಅಲ್ಲಿದೆ. ಒಂದು ರಾತ್ರಿಯಾದರೂ ಉಳಿಯುವ ತಯಾರಿ ಇರಲಿ.

ಲೈಸೆನ್ಸ್, ಪರ್ಮಿಟ್ ಏನೇನು ಬೇಕು?

16 ವರ್ಷ ತುಂಬಿದ ಎಲ್ಲರಿಗೂ ಕ್ಯಾಲಿಫೋರ್ನಿಯಾದ ಮೀನು ಹಿಡಿಯುವ ಲೈಸೆನ್ಸ್ ಬೇಕು. ನಮ್ಮವರು ಜಾಸ್ತಿ ಕೇಳುವುದು, ವೀಸಾದಲ್ಲಿ ಇರುವವರಿಗೆ ಯಾವ ದರ ಎಂದು. ಆರು ತಿಂಗಳು ಬಿಡದೆ ಆ ರಾಜ್ಯದಲ್ಲಿ ವಾಸವಿದ್ದರೆ ನೀವು ನಿವಾಸಿ, ನಿವಾಸಿಗಳ ದರ. ಊರಿನಿಂದ ಬಂದ ಮಾವನವರು ಗಾಳ ಮುಟ್ಟುವುದಾದರೆ ಅವರಿಗೆ ಹೊರಗಿನವರ ಲೈಸೆನ್ಸ್ ತೆಗೆಸಿ. ಒಂದು ದಿನ, ಎರಡು ದಿನಕ್ಕೂ ಸಿಗುತ್ತದೆ.

ರಾತ್ರಿ ಉಳಿಯಲು ಇನ್ಯೋ ನ್ಯಾಷನಲ್ ಫಾರೆಸ್ಟ್‌ನ ಪರ್ಮಿಟ್ ಬೇಕು. ದಿನಕ್ಕೆ ಇಷ್ಟೇ ಜನ ಅಂತ ಲೆಕ್ಕವಿದೆ, ಬೇಸಿಗೆಯ ಶನಿವಾರಗಳು ಬೇಗ ಖಾಲಿ. ಊಟ ಇಡಲು ಕರಡಿ ತೆಗೆಯಲಾಗದ ಗಟ್ಟಿ ಡಬ್ಬಿ ಕಡ್ಡಾಯ. ಚಕ್ಕುಲಿ, ಕೋಡುಬಳೆ, ಟೂತ್‌ಪೇಸ್ಟ್, ಎಲ್ಲ ಅದರೊಳಗೆ.

ಕಾಟನ್‌ವುಡ್ ಸರೋವರಗಳಿಗೆ ಬೇರೆಯದೇ ನಿಯಮ ಇದೆ. ಜೀವಂತ ಎರೆ ಹಾಕುವಂತಿಲ್ಲ, ಕೃತಕ ಗಾಳ ಮಾತ್ರ, ಅದಕ್ಕೂ ಹಿಮ್ಮುಳ್ಳು ಇರಬಾರದು. ಯಾವ ದಿನದಿಂದ ಯಾವ ದಿನದವರೆಗೆ, ಎಷ್ಟು ಮೀನು ಅನ್ನುವುದನ್ನು ಹೊರಡುವ ವಾರ ಮೀನು ಮತ್ತು ವನ್ಯಜೀವಿ ಇಲಾಖೆಯ ಆ ವರ್ಷದ ನಿಯಮದಲ್ಲಿ ನೋಡಿ. ಹಳೆಯ ಲೇಖನ ನಂಬಬೇಡಿ, ಇದನ್ನೂ ಸೇರಿಸಿ.

ಯಾವ ತಿಂಗಳು ಒಳ್ಳೆಯದು?

ಜುಲೈನಿಂದ ಸೆಪ್ಟೆಂಬರ್ ನಡುವೆ. ಜೂನ್‌ನಲ್ಲಿ ಅರ್ಧ ಸರೋವರ ಇನ್ನೂ ಹಿಮದ ಕೆಳಗೆ. ಜುಲೈನಲ್ಲಿ ಮೀನು ಹಸಿದಿರುತ್ತದೆ, ಸೊಳ್ಳೆಯೂ ಅಷ್ಟೇ ಹಸಿದಿರುತ್ತದೆ. ನನಗೆ ಇಷ್ಟ ಸೆಪ್ಟೆಂಬರ್ ಮೊದಲ ಎರಡು ವಾರ. ಸೊಳ್ಳೆ ಇಲ್ಲ, ಜನ ಇಲ್ಲ, ಬೆಳಿಗ್ಗೆ ಬಾಟಲಿಯ ನೀರಿನ ಮೇಲೆ ತೆಳು ಮಂಜುಗಡ್ಡೆ.

ಜೂನ್ ಕೊನೆ, ಜುಲೈನಲ್ಲಿ ಇವು ಮೊಟ್ಟೆ ಇಡುವ ಕಾಲ. ನೀರು ಹತ್ತು ಡಿಗ್ರಿ ಸೆಲ್ಸಿಯಸ್‌ಗೆ ಬಂದಾಗ ಸರೋವರದ ಮೀನು ಒಳಗೆ ಬರುವ ಹಳ್ಳಕ್ಕೋ ಹೊರಗೆ ಹರಿಯುವ ಹಳ್ಳಕ್ಕೋ ಹೋಗಿ ಜಲ್ಲಿ ಕೆದರಿ ಗೂಡು ಮಾಡುತ್ತದೆ. ಎರಡಿಂಚು ನೀರಿನಲ್ಲಿ ಬೆನ್ನು ಹೊರಗೆ ಬಿಟ್ಟುಕೊಂಡು ಜೋಡಿ ಮೀನು ನಿಂತಿದ್ದರೆ ಅವುಗಳ ಮೇಲೆ ಗಾಳ ಎಸೆಯಬೇಡಿ. ಆ ಜಲ್ಲಿ ತುಳಿಯಲೂ ಬೇಡಿ.

ಎಂಥ ಗಾಳ, ಎಂಥ ಕೋಲು?

ಮೊದಲ ಸಲ ಹೊರಟಾಗ ನಾನು ಒಂದು ಅಂಗಡಿಯವರ ಮಾತು ಕೇಳಿ, ಸಾಲ್ಮನ್ ಎಳೆಯುವಷ್ಟು ದಪ್ಪ ಕೋಲು, ದಪ್ಪ ದಾರ, ದೊಡ್ಡ ಚಮಚದಂಥ ಗಾಳ ಕೊಂಡು ಹೊತ್ತಿದ್ದೆ. ಎರಡು ದಿನ. ಒಂದೂ ಮೀನಿಲ್ಲ. ನೀರಿಗೆ ಅದು ಬಿದ್ದ ಸದ್ದಿಗೇ ಮೀನೆಲ್ಲ ಆಚೆ ದಡಕ್ಕೆ.

ಬೇಕಾದದ್ದು ಹಗುರದ ಸಾಮಾನು. ಫ್ಲೈ (ನೊಣ, ಹುಳದಂತೆ ಕಟ್ಟಿದ ಗಾಳ) ಎಸೆಯುವ ಕೋಲಾದರೆ ಮೂರು ಅಥವಾ ನಾಲ್ಕು ನಂಬರಿನದು. ತುದಿಯ ದಾರ ಕೂದಲಿನಷ್ಟು ಸಣ್ಣ, 5ಎಕ್ಸ್ ಅಥವಾ 6ಎಕ್ಸ್. ಫ್ಲೈಗಳಲ್ಲಿ ಕಪ್ಪಿರುವೆ, ಎಲ್ಕ್ ಹೇರ್ ಕ್ಯಾಡಿಸ್, ಪ್ಯಾರಾಶೂಟ್ ಆಡಮ್ಸ್, ನೀರೊಳಗೆ ಮುಳುಗುವ ಸಣ್ಣ ಮಿಡ್ಜ್, ಇಷ್ಟಿದ್ದರೆ ಸಾಕು. ಅಳತೆ 14ರಿಂದ 20, ನಂಬರ್ ಏರಿದಷ್ಟೂ ಫ್ಲೈ ಸಣ್ಣ. ಹಳ್ಳಕ್ಕೆ ಜಪಾನಿನವರ ತೆಂಕಾರಾ ಕೋಲು ಬಹಳ ಚೆಂದ. ರೀಲೇ ಇಲ್ಲ, ಉದ್ದ ಕೋಲಿನ ತುದಿಗೆ ದಾರ ಕಟ್ಟಿದ್ದು ಅಷ್ಟೇ. ಬಿದಿರು ಕಡ್ಡಿಗೆ ದಾರ ಕಟ್ಟಿ ಬೆಳೆದ ನಮಗೆ ಕಲಿಯುವುದೇನೂ ಇಲ್ಲ.

ಫ್ಲೈ ಎಸೆಯಲು ಬಾರದಿದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಸಾಮಾನ್ಯ ರೀಲ್ ಕೋಲಿಗೆ ನೀರು ತುಂಬಿಸುವ ಪ್ಲಾಸ್ಟಿಕ್ ಬುರುಡೆ ಕಟ್ಟಿ, ಅದರ ಹಿಂದೆ ಐದಾರು ಅಡಿ ಸಣ್ಣ ದಾರ, ತುದಿಗೆ ಫ್ಲೈ. ಬುರುಡೆಯ ಭಾರಕ್ಕೆ ದೂರ ಹೋಗುತ್ತದೆ. ನಿಧಾನ ಸುತ್ತಿಕೊಳ್ಳಿ, ಎರಡು ಸುತ್ತು, ಸ್ವಲ್ಪ ನಿಲ್ಲಿ, ಮತ್ತೆ ಎರಡು ಸುತ್ತು.

ಹಿಮ್ಮುಳ್ಳಿಲ್ಲದ ಗಾಳ ಬೇರೆ ಕೊಳ್ಳಬೇಕಿಲ್ಲ. ಇಕ್ಕುಳದಿಂದ ಮುಳ್ಳನ್ನು ಒತ್ತಿ ಚಪ್ಪಟೆ ಮಾಡಿದರಾಯಿತು. ಹತ್ತಿಯ ಬಟ್ಟೆಗೆ ಚುಚ್ಚಿ ಎಳೆದು ನೋಡಿ, ನೂಲು ಹಿಡಿದರೆ ಇನ್ನೊಮ್ಮೆ ಒತ್ತಿ.

ಸರೋವರ ಇಷ್ಟು ದೊಡ್ಡದು. ಮೀನು ಎಲ್ಲಿರುತ್ತದೆ?

ದಡದಲ್ಲೇ. ಹೊಸಬರು ಮಾಡುವ ತಪ್ಪು ಅಂದರೆ ಸೀದಾ ನೀರಿನ ಅಂಚಿಗೆ ಹೋಗಿ ನಿಂತು, ಎಷ್ಟು ಸಾಧ್ಯವೋ ಅಷ್ಟು ದೂರ ಎಸೆಯುವುದು. ಮೀನು ಅವರ ಕಾಲಬುಡದಲ್ಲಿ ಇತ್ತು, ಅವರು ಬಂದಾಗ ಓಡಿಹೋಯಿತು.

ಬಂದ ತಕ್ಷಣ ಗಾಳ ಬಿಚ್ಚಬೇಡಿ. ಎತ್ತರದ ಬಂಡೆಯ ಮೇಲೆ ಇಪ್ಪತ್ತು ನಿಮಿಷ ಕೂತು ನೀರು ನೋಡಿ. ಪೋಲರೈಸ್ಡ್ ಕನ್ನಡಕ ಇರಲಿ, ಕೋಲಿಗಿಂತ ಅದೇ ಮುಖ್ಯ. ಈ ಮೀನು ಒಂದೇ ಕಡೆ ನಿಲ್ಲುವುದಿಲ್ಲ. ದಡದ ತಿಳಿನೀರು ಮುಗಿದು ಕಡುನೀಲಿ ಶುರುವಾಗುವ ಅಂಚಿನ ಗುಂಟ ಗಸ್ತು ತಿರುಗುತ್ತದೆ. ಒಂದು ಮೀನು ಎಡದಿಂದ ಬಂದು, ಆ ಬಂಡೆಯ ಹತ್ತಿರ ತಿರುಗಿ, ಕೆಲವು ನಿಮಿಷಕ್ಕೆ ಮತ್ತೆ ಬರುತ್ತದೆ. ಆ ಸುತ್ತು ಗೊತ್ತಾದರೆ ಅರ್ಧ ಕೆಲಸ ಮುಗಿಯಿತು. ಅದು ಆಚೆ ಹೋದಾಗ ಅದರ ದಾರಿಯಲ್ಲಿ ಫ್ಲೈ ಇಟ್ಟು ಕಾಯಿರಿ. ಬಂದಾಗ ಒಮ್ಮೆ ಸಣ್ಣಗೆ ಅಲುಗಿಸಿ. ಅದು ಹತ್ತಿರ ಬಂದು, ಮೂಗು ತಾಗುವಷ್ಟು ಹತ್ತಿರ ನಿಂತು, ನೋಡಿ, ಸುಮ್ನೆ ತಿರುಗಿ ಹೋಗಿಬಿಡುತ್ತದೆ. ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ತಿಂದು ಹೋದ ಹಾಗೆ. ಬೇಜಾರು ಬೇಡ. ಒಂದು ನಂಬರ್ ಸಣ್ಣ ಫ್ಲೈ ಕಟ್ಟಿ.

ಇನ್ನೆರಡು ಜಾಗ ನೋಡಿ. ಸರೋವರಕ್ಕೆ ಹಳ್ಳ ಬಂದು ಸೇರುವ ಬಾಯಿ. ಮತ್ತೆ, ಗಾಳಿ ಬೀಸಿ ಬಡಿಯುವ ದಡ. ಮಧ್ಯಾಹ್ನ ಕಣಿವೆಯಿಂದ ಗಾಳಿ ಎದ್ದಾಗ ಇರುವೆ, ಜೀರುಂಡೆ, ಹುಳಹುಪ್ಪಟೆ ಎಲ್ಲ ನೀರಿಗೆ ಬಿದ್ದು ಆ ದಡಕ್ಕೆ ತೇಲಿ ಬರುತ್ತವೆ. ನಮಗೆ ಚಳಿ, ಕಣ್ಣಿಗೆ ಧೂಳು, ಆದರೆ ಮೀನಿಗೆ ಊಟದ ಪಂಕ್ತಿ ಅಲ್ಲೇ. ಅಲೆ ಇರುವುದರಿಂದ ನೀವೂ ಅದಕ್ಕೆ ಕಾಣುವುದಿಲ್ಲ.

ಒಂದು ಎಚ್ಚರಿಕೆ. ಮಧ್ಯಾಹ್ನ ಮೋಡ ಕಟ್ಟಿ ಗುಡುಗು ಕೇಳಿದರೆ ಕೋಲು ಕೆಳಗಿಟ್ಟು ಇಳಿಯಿರಿ. ಮರವಿಲ್ಲದ ಬಯಲಿನಲ್ಲಿ ಒಂಬತ್ತಡಿ ಗ್ರಾಫೈಟ್ ಕೋಲು ಎತ್ತಿ ನಿಂತವನನ್ನು ಸಿಡಿಲು ಹುಡುಕಬೇಕಾಗಿಲ್ಲ.

ನಕಾಶೆ ನೋಡಿ ಯಾವ ಸರೋವರದಲ್ಲಿ ಮೀನಿದೆ ಅಂತ ಹೇಳಬಹುದಾ?

ಪೂರ್ತಿ ಹೇಳಲಾಗದು, ಊಹೆ ಮಾಡಬಹುದು. ನಾನು ಮೂರು ವಿಷಯ ನೋಡುತ್ತೇನೆ. ಆಳ ಇದೆಯಾ? ಚಳಿಗಾಲದಲ್ಲಿ ಮೇಲೆ ಮಂಜುಗಡ್ಡೆ, ಅದರ ಮೇಲೆ ಹಿಮ ಮುಚ್ಚಿ ತಿಂಗಳುಗಟ್ಟಲೆ ಬೆಳಕಿಲ್ಲದಾಗ ಆಳವಿಲ್ಲದ ನೀರಿನ ಆಮ್ಲಜನಕ ಮುಗಿದು ಮೀನು ಸಾಯುತ್ತದೆ. ದಡಕ್ಕೆ ಕಡಿದಾದ ಬಂಡೆ ಇಳಿದಿದ್ದರೆ ಆಳ ಇರುವ ಸಂಭವ ಹೆಚ್ಚು. ಎರಡನೆಯದು, ವರ್ಷವಿಡೀ ಹರಿಯುವ ಹಳ್ಳ, ಅದರಲ್ಲಿ ಜಲ್ಲಿ. ಅದಿಲ್ಲದಿದ್ದರೆ ಮೊಟ್ಟೆ ಇಡಲು ಜಾಗವಿಲ್ಲ, ಬಿಟ್ಟ ಮೀನು ಮುದಿಯಾಗಿ ಮುಗಿದುಹೋಗುತ್ತದೆ. ಮೂರನೆಯದು, ಮೇಲಿನ ಅಥವಾ ಕೆಳಗಿನ ಸರೋವರದಲ್ಲಿ ಬ್ರೂಕ್ ಟ್ರೌಟ್ ಇದೆಯಾ ಅನ್ನುವುದು. ಅದು ಬಂದ ಕಡೆ ಗೋಲ್ಡನ್ ಹಿಂದೆ ಬೀಳುತ್ತದೆ.

ಇದರ ಮೇಲೆ ಇಲಾಖೆಯ ಹಳೆಯ ಮೀನು ಬಿಟ್ಟ ದಾಖಲೆ ನೋಡಿ. ಆ ಪ್ರದೇಶದ ಜೀವಶಾಸ್ತ್ರಜ್ಞರಿಗೆ ಫೋನ್ ಮಾಡಿ. ಅವರು ಮರ್ಯಾದೆಯಿಂದ ಮಾತಾಡಿದವರಿಗೆ ಚೆನ್ನಾಗಿಯೇ ಹೇಳುತ್ತಾರೆ. ಇಷ್ಟೆಲ್ಲ ಮಾಡಿ, ಹನ್ನೆರಡು ಮೈಲಿ ನಡೆದು, ಖಾಲಿ ಸರೋವರ ನೋಡಿ ಬಂದಿದ್ದೂ ಇದೆ. ಎರಡು ಸಲ.

ಅತಿ ದೊಡ್ಡ ಗೋಲ್ಡನ್ ಟ್ರೌಟ್ ಎಷ್ಟು ತೂಕ?

11 ಪೌಂಡ್, ಅಂದರೆ ಐದು ಕಿಲೋ. 1948ರ ಆಗಸ್ಟ್‌ನಲ್ಲಿ ವಯೋಮಿಂಗ್‌ನ ವಿಂಡ್ ರಿವರ್ ಪರ್ವತಗಳ ಕುಕ್ ಸರೋವರದಲ್ಲಿ ಸಿಕ್ಕಿದ್ದು, ಇವತ್ತಿಗೂ ವಿಶ್ವದಾಖಲೆ. ತವರು ರಾಜ್ಯದ ದಾಖಲೆ 9 ಪೌಂಡ್ 14 ಔನ್ಸ್, 1952, ವರ್ಜೀನಿಯಾ ಸರೋವರ. ಎರಡೂ ಮೀನು ಬಿಟ್ಟು ಹೆಚ್ಚು ಕಾಲವಾಗದ, ತಿನ್ನಲು ಬೇಕಾದಷ್ಟಿದ್ದ ದಿನಗಳ ಮಾತು. ನಿಮಗೆ ಹನ್ನೆರಡು ಇಂಚಿನದು ಸಿಕ್ಕರೆ ಸಿಹಿ ಹಂಚಿ.

ವಯೋಮಿಂಗ್ ಒಳ್ಳೆಯದಾ, ಕ್ಯಾಲಿಫೋರ್ನಿಯಾನಾ?

ಗಾತ್ರಕ್ಕೆ ವಿಂಡ್ ರಿವರ್. ಆದರೆ ಅಲ್ಲಿನ ಒಳ್ಳೆಯ ಸರೋವರಗಳಿಗೆ ಎರಡು-ಮೂರು ದಿನದ ನಡಿಗೆ, ಗ್ರಿಜ್ಲಿ ಕರಡಿಯ ಭಯ ಬೇರೆ. ಒಮ್ಮೆ ಹೋಗಿದ್ದೆ, ಐದು ದಿನದಲ್ಲಿ ಮೂರು ದಿನ ಮಳೆ.

ಶುದ್ಧ ತಳಿ, ಮಿಶ್ರ ತಳಿ ಅಂತೆಲ್ಲ ಜಗಳ ಆಡುತ್ತಾರಲ್ಲ, ಏನದು?

ರೇನ್‌ಬೋ ಟ್ರೌಟ್ ಮತ್ತು ಗೋಲ್ಡನ್ ಸುಲಭವಾಗಿ ಕೂಡುತ್ತವೆ, ಮರಿಗಳೂ ಫಲವತ್ತು. ಹಿಂದೆ ಎಲ್ಲಿ ಬೇಕೆಂದರಲ್ಲಿ ರೇನ್‌ಬೋ ಬಿಟ್ಟರು. ಅದರ ಫಲವಾಗಿ ತವರಿನಲ್ಲೂ ಶುದ್ಧ ಗೋಲ್ಡನ್ ಉಳಿದಿರುವುದು ಬೆರಳೆಣಿಕೆಯ ಹಳ್ಳಗಳಲ್ಲಿ. ಕೊನೆಗೆ ಪರೀಕ್ಷೆ ಮಾಡಿದಾಗ, ಇಡೀ ಸಿಯೆರಾಕ್ಕೆ ಮರಿ ಹಂಚಿದ ಕಾಟನ್‌ವುಡ್ ಸರೋವರಗಳ ಮೀನಿನಲ್ಲೂ ರೇನ್‌ಬೋ ರಕ್ತ ಬೆರೆತಿದ್ದು ಗೊತ್ತಾಯಿತು. ಕರ್ನ್ ದಕ್ಷಿಣ ಕವಲಿಗೆ ಬ್ರೌನ್ ಟ್ರೌಟ್ ಬಂದು ಸೇರಿದ್ದು ಇನ್ನೊಂದು ಕಾಟ, ಅದು ಗೋಲ್ಡನ್ನನ್ನೇ ತಿನ್ನುತ್ತದೆ. ಹೊರಗಿನ ಮೀನು ಮೇಲೆ ಹತ್ತದ ಹಾಗೆ ಹೊಳೆಗೆ ಅಡ್ಡ ತಡೆಗಳನ್ನು ಕಟ್ಟಿದ್ದಾರೆ. ದನ ಮೇಯಿಸಿ ಹಳ್ಳದ ದಡ ಕುಸಿದದ್ದೂ ಸೇರಿ, ಈ ಮೀನಿಗೆ ಬಂದ ಕಷ್ಟವೆಲ್ಲ ಮನುಷ್ಯ ತಂದದ್ದೇ. ಲಿಟಲ್ ಕರ್ನ್ ಗೋಲ್ಡನ್ 1978ರಿಂದ ಅಮೆರಿಕದ ಕಾನೂನಿನ ಅಪಾಯದ ಪಟ್ಟಿಯಲ್ಲಿದೆ.

ನಮಗೆ ಇದು ಹೊಸ ಕಥೆಯೇನಲ್ಲ. ಕಾವೇರಿಯ ಗೂನು ಬೆನ್ನಿನ ಮಶೀರ್ ಇತ್ತಲ್ಲ, ಅಲ್ಲಿಗೂ ಒಳ್ಳೆಯ ಮನಸ್ಸಿನಿಂದಲೇ ಲೋನಾವಳದ ಕೇಂದ್ರದಲ್ಲಿ ಬೆಳೆಸಿದ ಬೇರೆ ಜಾತಿಯ ಮಶೀರ್ ಮರಿಗಳನ್ನು ತಂದು ಬಿಟ್ಟರು. ಈಗ ಹೊಳೆ ತುಂಬ ಬಂದವರದ್ದೇ ಸಂತಾನ. ಗೂನು ಬೆನ್ನಿನದು 2018ರಲ್ಲಿ ಅಳಿವಿನ ಅಂಚಿನ ಕೆಂಪು ಪಟ್ಟಿ ಸೇರಿತು.

ಕೆಲವು ಸರೋವರಗಳಿಂದ ಸರ್ಕಾರವೇ ಟ್ರೌಟ್ ತೆಗೆದುಹಾಕುತ್ತಿದೆ ಅಂತೆ. ಹೌದಾ?

ಹೌದು. ಸೆಕ್ವೋಯಾ ಮತ್ತು ಕಿಂಗ್ಸ್ ಕ್ಯಾನ್ಯನ್ ರಾಷ್ಟ್ರೀಯ ಉದ್ಯಾನಗಳಲ್ಲಿ ಬಲೆ ಹಾಕಿ ತೆಗೆಯುತ್ತಾರೆ. ಕಾರಣ ಹಳದಿ ಕಾಲಿನ ಒಂದು ಕಪ್ಪೆ. ಅದರ ಗೊದಮೊಟ್ಟೆ ಕಪ್ಪೆಯಾಗಲು ಎರಡರಿಂದ ನಾಲ್ಕು ವರ್ಷ ಬೇಕು. ಅಷ್ಟು ಚಳಿಗಾಲ ಕಳೆಯಲು ತಳದವರೆಗೆ ಗಟ್ಟಿಯಾಗದ ಆಳದ ಸರೋವರವೇ ಆಗಬೇಕು. ಮೀನಿಗೂ ಬೇಕಾದದ್ದು ಅದೇ ಸರೋವರ. ಮೀನು ಬಂತು, ಗೊದಮೊಟ್ಟೆ ಖಾಲಿ. ಮೇಲೆ ಒಂದು ಶಿಲೀಂಧ್ರ ರೋಗವೂ ಅಮರಿಕೊಂಡಿತು. 2014ರಲ್ಲಿ ಆ ಕಪ್ಪೆ ಅಳಿವಿನಂಚಿನ ಪಟ್ಟಿಗೆ ಸೇರಿತು. ಮೀನು ತೆಗೆದ ಸರೋವರಗಳಿಗೆ ಕಪ್ಪೆ ವಾಪಸ್ ಬಂದಿದೆ.

ಮೀನು ಹಿಡಿಯುವವರಲ್ಲಿ ಹಲವರಿಗೆ ಇದು ಸಿಟ್ಟು. ನನಗಿಲ್ಲ. ಕಾಫಿ ಪಾತ್ರೆಯಲ್ಲಿ ಬಂದ ಮೀನಿಗಿಂತ ಮೊದಲಿನಿಂದ ಅಲ್ಲಿದ್ದ ಕಪ್ಪೆಯ ಹಕ್ಕು ದೊಡ್ಡದು. ಮೀನಿನ ತವರಿನ ಹಳ್ಳವನ್ನಂತೂ ಯಾರೂ ಕಿತ್ತುಕೊಳ್ಳುತ್ತಿಲ್ಲ.

ಹಿಡಿದು ತಿನ್ನಬಹುದಾ?

ನಿಯಮ ಒಪ್ಪುವ ಕಡೆ ತಿನ್ನಬಹುದು. ಮಾಂಸ ಕೆಂಪು, ರುಚಿ ಚೆನ್ನಾಗಿದೆ. ಒಂದು ಸಲ ಮರಿಗಳಿಂದ ಕಿಕ್ಕಿರಿದ ಸರೋವರದ ಎರಡು ಮೀನಿಗೆ ಉಪ್ಪು, ಖಾರದಪುಡಿ, ಅರಿಶಿನ ಹಚ್ಚಿ ಕಾವಲಿಯಲ್ಲಿ ಹುರಿದಿದ್ದೆವು. ತವರಿನ ಹಳ್ಳದ ಮೀನನ್ನು ಮಾತ್ರ ನಾನು ತಿನ್ನುವುದಿಲ್ಲ. ಒಲೆಗೆ ಗ್ಯಾಸ್ ತೆಗೆದುಕೊಂಡು ಹೋಗಿ, ಅಷ್ಟು ಎತ್ತರದಲ್ಲಿ ಬೆಂಕಿ ಹಾಕುವಂತಿಲ್ಲ.

ಬಿಡುವುದಾದರೆ ಕೈ ಒದ್ದೆ ಮಾಡಿಕೊಂಡೇ ಮುಟ್ಟಿ. ಒಣ ಕೈ ಅದರ ಲೋಳೆಯನ್ನು ಕಿತ್ತುಹಾಕುತ್ತದೆ. ಬಂಡೆಯ ಮೇಲೆ ಮಲಗಿಸಿ ಫೋಟೋ ತೆಗೆಯಬೇಡಿ. ನೀರಿನಲ್ಲೇ ಹಿಡಿದು, ಗೆಳೆಯ ಕ್ಯಾಮೆರಾ ರೆಡಿ ಅಂದ ಮೇಲೆ ಎರಡು ಸೆಕೆಂಡ್ ಎತ್ತಿ.

ತಲೆನೋವು, ವಾಂತಿ ಬರುತ್ತದಂತೆ?

ಬರುತ್ತದೆ. ಸ್ಯಾನ್ ಹೋಸೆಯ ಆಫೀಸಿನಿಂದ ಶುಕ್ರವಾರ ಸಂಜೆ ಹೊರಟು ಶನಿವಾರ ಬೆಳಿಗ್ಗೆ 11,000 ಅಡಿಯಲ್ಲಿ ನಿಂತರೆ ಬಾರದೇ ಏನು? ಮೊದಲ ರಾತ್ರಿ ಹಾರ್ಸ್‌ಶೂ ಮೆಡೋದಲ್ಲೇ ಮಲಗಿ. ನೀರು ಜಾಸ್ತಿ ಕುಡಿಯಿರಿ, ಬಿಯರ್ ವಾಪಸ್ ಬಂದ ಮೇಲೆ. ತಲೆನೋವಿನ ಜೊತೆ ನಡಿಗೆ ತೂರಾಡಿದರೆ, ಮಾತು ತೊದಲಿದರೆ, ಉಸಿರು ಕಟ್ಟಿದರೆ ರಾತ್ರಿಯಾದರೂ ಸರಿ, ಆಗಲೇ ಇಳಿಯಿರಿ.

ಇಂಡಿಯಾದಲ್ಲಿ ಸಿಗುತ್ತದಾ?

ಗೋಲ್ಡನ್ ಇಲ್ಲ. ನೀಲಗಿರಿ ಮತ್ತು ಮುನ್ನಾರ್ ಕಡೆ ಬ್ರಿಟಿಷರ ಕಾಲದಲ್ಲಿ ಬಿಟ್ಟ ರೇನ್‌ಬೋ ಇದೆ, ಹಿಮಾಲಯದಲ್ಲಿ ಬ್ರೌನ್ ಮತ್ತು ರೇನ್‌ಬೋ ಎರಡೂ ಇವೆ. ಹೋಗುವ ಮುನ್ನ ಅಲ್ಲಿನ ಅನುಮತಿ ವಿಚಾರಿಸಿ.

ನೀವು ದೊಡ್ಡ ಮೀನು ಹಿಡಿದ ಸರೋವರದ ಲೊಕೇಶನ್ ಕಳಿಸಿ, ಪ್ಲೀಸ್.

ಇಲ್ಲ. ಕೋಪ ಮಾಡಿಕೊಳ್ಳಬೇಡಿ. ವರ್ಷಕ್ಕೆ ಮೂರು ತಿಂಗಳು ಮಾತ್ರ ಬೆಳೆಯುವ ಮೀನು ಅದು. ಹದಿನಾಲ್ಕು ಇಂಚಿನ ಹತ್ತು ಮೀನನ್ನು ಒಂದು ವಾರಾಂತ್ಯದಲ್ಲಿ ಎತ್ತಿಕೊಂಡು ಹೋದರೆ ಮತ್ತೆ ಆ ಗಾತ್ರ ಕಾಣಲು ಹಲವು ವರ್ಷ ಕಾಯಬೇಕು. ನನಗೂ ಅದನ್ನು ಯಾರೂ ಹೇಳಲಿಲ್ಲ. ಮೇಲೆ ಬರೆದ ಹಾಗೆ ನಕಾಶೆ ಹರಡಿಕೊಂಡು ಕೂತು, ಎರಡು ಖಾಲಿ ಸರೋವರ ನೋಡಿ, ಮೂರನೆಯದರಲ್ಲಿ ಸಿಕ್ಕಿತು. ಅಣಬೆ ಏಳುವ ಜಾಗವನ್ನು ನಮ್ಮ ಅಜ್ಜಿ ಸ್ವಂತ ಮಗಳಿಗೂ ಹೇಳುತ್ತಿರಲಿಲ್ಲ, ನಾನು ಅಷ್ಟು ಕೆಟ್ಟವನಲ್ಲ. ಜೊತೆಗೆ ಬರುವುದಾದರೆ ಹೇಳಿ, ಸೆಪ್ಟೆಂಬರ್‌ನಲ್ಲಿ ಹೊರಡುತ್ತೇವೆ. ಡೇರೆ ನಿಮ್ಮದು, ಪುಳಿಯೋಗರೆ ಗೊಜ್ಜು ನಮ್ಮ ಮನೆಯದು.

ಮಕ್ಕಳನ್ನು ಕರೆದುಕೊಂಡು ಹೋಗಬಹುದಾ?

ಎಂಟು-ಹತ್ತು ವರ್ಷದವರು ನಡೆಯುತ್ತಾರೆ, ನಮಗಿಂತ ಚೆನ್ನಾಗಿಯೇ. ಗಾಳಿ ಕೋಟು, ಟೋಪಿ, ಒಂದು ಜೊತೆ ಜಾಸ್ತಿ ಸಾಕ್ಸ್ ಇರಲಿ. ಹಳ್ಳಕ್ಕೆ ಕಾಲು ಹಾಕದೆ ಬಿಡುವುದಿಲ್ಲ ಅವರು.